ಇಬೇಯಲ್ಲಿ 200 ಡಾಲರ್, ಕಾರ್ಡ್ ಶೋನಲ್ಲಿ 110: ಇದು ಮೋಸವಾ?

ಪ್ರಶ್ನೆ: ನಾವು ಓಹಾಯೋದಲ್ಲಿದ್ದೇವೆ. ಹೆಂಡತಿ ಇಲ್ಲಿಯವಳೇ. ಕಳೆದ ವರ್ಷ ಮಾವನವರು ತೀರಿಕೊಂಡರು. ಅವರ ಮನೆ ಅಟ್ಟದಲ್ಲಿ ಮೂರು ಶೂ ಡಬ್ಬಿ ತುಂಬ ಬೇಸ್‌ಬಾಲ್ ಕಾರ್ಡ್, ಅಂದರೆ ಆಟಗಾರರ ಚಿತ್ರ ಅಚ್ಚಾದ ಸಣ್ಣ ರಟ್ಟಿನ ಕಾರ್ಡ್ ಸಿಕ್ಕವು. ನನಗೆ ಕ್ರಿಕೆಟ್ ಬಿಟ್ಟು ಬೇರೆ ಆಟ ಗೊತ್ತಿಲ್ಲ. ಅದರಲ್ಲಿ 1969ರ ರೆಗ್ಗಿ ಜಾಕ್ಸನ್ ಕಾರ್ಡ್ ಒಂದಿದೆ. ಇಬೇಯಲ್ಲಿ ನೋಡಿದರೆ 200 ಡಾಲರ್ ಇತ್ತು. ಊರಿನ ಹೋಟೆಲ್ ಹಾಲ್‌ನಲ್ಲಿ ನಡೆದ ಕಾರ್ಡ್ ಶೋಗೆ, ಅಂದರೆ ಇಂಥ ಕಾರ್ಡ್ ಕೊಳ್ಳುವ, ಮಾರುವ ಸಂತೆಗೆ, ತೆಗೆದುಕೊಂಡು ಹೋದೆ. ಒಬ್ಬ ಡೀಲರ್ 110 ಅಂದ. ಕಾರ್ಡ್ ಚೆನ್ನಾಗಿಯೇ ಇದೆ, ಹಿಂದೆ ಪೆನ್ನಿನಲ್ಲಿ ಮಾವನ ಇನಿಷಿಯಲ್ ಇದೆ ಅಷ್ಟೇ. ಕೊಡದೆ ವಾಪಸ್ ಬಂದೆ. ಅರ್ಧ ಬೆಲೆಗೆ ಕೇಳುವುದು ಮೋಸ ಅಲ್ವಾ? ಉಳಿದ ಕಾರ್ಡ್‌ಗಳನ್ನು ಹೇಗೆ ಮಾರಲಿ?

ಉತ್ತರ:

ಮೋಸ ಅಲ್ಲ. ಆ ಡೀಲರ್ ನಿಮಗೆ ಒಳ್ಳೆಯ ಬೆಲೆಯನ್ನೇ ಹೇಳಿದ್ದಾನೆ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ. ಆದರೆ ಕೊಡದೆ ವಾಪಸ್ ಬಂದಿದ್ದು ತಪ್ಪೇನಲ್ಲ. ಗೊತ್ತಿಲ್ಲದ ವಸ್ತುವನ್ನು ಮೊದಲ ದಿನ ಮೊದಲ ಟೇಬಲ್‌ನಲ್ಲಿ ಮಾರಬಾರದು.

ನಾನು ಸಾಗರದ ಕಡೆಯವನು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಅಡಿಕೆ ಮಂಡಿಗೆ ಹೋಗುತ್ತಿದ್ದೆ. ಪೇಪರಿನಲ್ಲಿ ಅಡಿಕೆ ಧಾರಣೆ ಬಂದಿರುತ್ತಿತ್ತು. ಅದನ್ನೇ ಹಿಡಿದುಕೊಂಡು ನಾನು ನಮ್ಮ ಚೀಲಕ್ಕೆ ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕುತ್ತಿದ್ದೆ. ಅಪ್ಪ ನಗುತ್ತಿದ್ದರು. ಸರಕು ಬೇರೆ, ಬೆಟ್ಟೆ ಬೇರೆ, ರಾಶಿ ಬೇರೆ, ಗೊರಬಲು ಬೇರೆ. ಒಂದೇ ತೋಟದ ಅಡಿಕೆ, ನಾಲ್ಕು ದರ. ಪೇಪರಿನ ದರದ ಚೀಲ ನಮ್ಮದಲ್ಲ, ನಮ್ಮದು ನಮ್ಮದೇ ಚೀಲ. ಇಪ್ಪತ್ತು ವರ್ಷ ಬಿಟ್ಟು ನ್ಯೂಜೆರ್ಸಿಯಲ್ಲಿ ಹಳೆ ಕಾರ್ಡ್ ಕೊಳ್ಳುವ, ಮಾರುವ ಹುಚ್ಚು ಹತ್ತಿದಾಗ ಈ ಪಾಠವನ್ನೇ ಮತ್ತೆ ಕಲಿಯಬೇಕಾಯಿತು, ಅದೂ ದುಡ್ಡು ಕಳೆದುಕೊಂಡು.

ಮೊದಲು ಆ 200ರ ವಿಷಯ. ಇಬೇಯಲ್ಲಿ ನೀವು ನೋಡಿದ್ದು ಯಾವ ಬೆಲೆ? ಯಾರೋ ಕೇಳುತ್ತಿರುವ ಬೆಲೆಯೋ, ಮಾರಾಟ ಆಗಿರುವ ಬೆಲೆಯೋ? ಹುಡುಕಿದ ತಕ್ಷಣ ಕಾಣುವುದು ಕೇಳುತ್ತಿರುವ ಬೆಲೆ. ಅದನ್ನು ಯಾರು ಎಷ್ಟು ಬೇಕಾದರೂ ಬರೆಯಬಹುದು. ಫಿಲ್ಟರ್‌ನಲ್ಲಿ ‘ಸೋಲ್ಡ್ ಐಟಮ್ಸ್’ ಅಂತ ಇರುತ್ತದೆ, ಅದನ್ನು ಟಿಕ್ ಮಾಡಿ. ಆಗ ನಿಜವಾಗಿ ಮಾರಾಟವಾದ ಕಾರ್ಡ್‌ಗಳು ಮಾತ್ರ ಕಾಣುತ್ತವೆ. ಅಲ್ಲೂ ಒಂದು ತಿರುವು ಇದೆ. ಬೆಲೆಯ ಮೇಲೆ ಗೆರೆ ಎಳೆದಿದ್ದರೆ, ಚೌಕಾಶಿ ಮಾಡಿ ಅದಕ್ಕಿಂತ ಕಡಿಮೆಗೆ ಹೋಗಿದೆ ಅಂತ ಅರ್ಥ. ಎಷ್ಟಕ್ಕೆ ಹೋಯಿತು ಅನ್ನುವುದನ್ನು ಇಬೇ ತೋರಿಸುವುದಿಲ್ಲ. 130ಪಾಯಿಂಟ್ ಅನ್ನುವ ವೆಬ್‌ಸೈಟ್‌ನಲ್ಲಿ ಅದು ಸಿಗುತ್ತದೆ. ಈ ಮಾರಾಟದ ಬೆಲೆಗಳಿಗೆ ಶೋಗಳಲ್ಲಿ ‘ಕಾಂಪ್ಸ್’ ಅನ್ನುತ್ತಾರೆ. ಡೀಲರ್ ‘ಐ ಆಮ್ ಅಟ್ ಸೆವೆಂಟಿ’ ಅಂದರೆ ಕಾಂಪ್ಸ್‌ನ ನೂರಕ್ಕೆ ಎಪ್ಪತ್ತು ಕೊಡುತ್ತೇನೆ ಅಂತ. ಕೊನೆಯ ಒಂದು ಮಾರಾಟ ನೋಡಿ ನಿರ್ಧರಿಸಬೇಡಿ. ನಿಮ್ಮ ಕಾರ್ಡಿನಂಥದ್ದೇ ಐದಾರು ಮಾರಾಟ ನೋಡಿ.

‘ನಿಮ್ಮ ಕಾರ್ಡಿನಂಥದ್ದೇ’ ಅನ್ನುವಲ್ಲಿಯೇ ಎಲ್ಲ ಇರುವುದು. 1952ರ ಟಾಪ್ಸ್ ಕಂಪನಿಯ ಮಿಕಿ ಮ್ಯಾಂಟಲ್ ಕಾರ್ಡನ್ನೇ ತೆಗೆದುಕೊಳ್ಳಿ, ನಂಬರ್ 311. 2022ರ ಆಗಸ್ಟ್‌ನಲ್ಲಿ ಅದರ ಒಂದು ಪ್ರತಿ ಹೆರಿಟೇಜ್ ಹರಾಜಿನಲ್ಲಿ 1.26 ಕೋಟಿ ಡಾಲರ್‌ಗೆ ಹೋಯಿತು. ಅದಕ್ಕೆ 10ರಲ್ಲಿ 9.5 ಗ್ರೇಡ್, ಅಂದರೆ ಕಾರ್ಡ್ ಎಷ್ಟು ಚೆನ್ನಾಗಿ ಉಳಿದಿದೆ ಅನ್ನುವುದಕ್ಕೆ ಕೊಡುವ ಅಂಕ, ಸಿಕ್ಕಿತ್ತು. ಅದೇ ವರ್ಷದ, ಅದೇ ಚಿತ್ರದ, ಅದೇ ನಂಬರಿನ ಕಾರ್ಡ್ ಮಡಚಿ ಮೂಲೆ ಸವೆದು ಗ್ರೇಡ್ 1 ಆಗಿದ್ದರೆ ಕೆಲವು ಹತ್ತು ಸಾವಿರ ಡಾಲರ್‌ಗೆ ಸಿಗುತ್ತದೆ. ಅದೂ ದೊಡ್ಡ ದುಡ್ಡೇ. ಆದರೆ ಎರಡರ ನಡುವೆ ನೂರಾರು ಪಟ್ಟು ವ್ಯತ್ಯಾಸ. ಇನ್ನೊಂದು ವಿಷಯ ಹೇಳಿದರೆ ನಿಮಗೆ ಶೋಗಳ ಮೇಲೆ ಗೌರವ ಬರಬಹುದು. ಆ ಕೋಟಿಯ ಮ್ಯಾಂಟಲ್, 1991ರಲ್ಲಿ ನ್ಯೂಯಾರ್ಕಿನ ಒಂದು ಕಾರ್ಡ್ ಶೋನಲ್ಲೇ 50,000 ಡಾಲರ್‌ಗೆ ಕೈ ಬದಲಾಯಿಸಿತ್ತು. ಮಾರಿದವರು ಆಲನ್ ರೋಸೆನ್. ‘ಮಿಸ್ಟರ್ ಮಿಂಟ್’ ಅಂತ ಹೆಸರಾಗಿದ್ದ ಡೀಲರ್. ಸೂಟ್‌ಕೇಸ್ ತುಂಬ ನಗದು ಹಿಡಿದು ಜನರ ಅಟ್ಟದ ಕಾರ್ಡ್ ಕೊಳ್ಳಲು ಹೋಗುತ್ತಿದ್ದ ಮನುಷ್ಯ.

ಈಗ ನಿಮ್ಮ ಕಾರ್ಡಿನ ಹಿಂದಿರುವ ಇನಿಷಿಯಲ್‌ಗೆ ಬರೋಣ. ‘ಅಷ್ಟೇ’ ಅಂತ ಬರೆದಿದ್ದೀರಿ. ಮಾರುಕಟ್ಟೆಯಲ್ಲಿ ಅದು ‘ಅಷ್ಟೇ’ ಅಲ್ಲ. ಗ್ರೇಡಿಂಗ್ ಮಾಡುವ ಪಿಎಸ್‌ಎ ಕಂಪನಿ ಹೀಗೆ ಬರಹ ಇರುವ ಕಾರ್ಡಿಗೆ ಗ್ರೇಡ್ ಪಕ್ಕ ‘ಎಂಕೆ’ ಅಂತ ಎರಡಕ್ಷರ ಹಾಕಬಹುದು. ಮಾರ್ಕ್ಡ್ ಅಂತ. ಇಲ್ಲವೇ ಗ್ರೇಡನ್ನೇ ಕೆಳಗಿಳಿಸುತ್ತದೆ. ಎರಡರಲ್ಲಿ ಯಾವುದಾದರೂ ಬೆಲೆ ಬೀಳುತ್ತದೆ. ನೀವು ನೋಡಿದ 200ರ ಕಾರ್ಡಿನ ಹಿಂದೆ ಪೆನ್ನಿನ ಗುರುತು ಇತ್ತಾ? ಇರಲಿಕ್ಕಿಲ್ಲ. ಹಾಗಾಗಿ ನಿಮ್ಮ ಹೋಲಿಕೆಯೇ ಸರಿಯಿಲ್ಲ. ನಿಮ್ಮದು ಬೆಟ್ಟೆ, ನೋಡಿದ್ದು ಸರಕಿನ ದರ. ದಯವಿಟ್ಟು ಆ ಇನಿಷಿಯಲ್ ಅಳಿಸಲು ಹೋಗಬೇಡಿ. ರಬ್ಬರ್ ತಾಗಿದ ಜಾಗ ಬೆಳಕಿಗೆ ಹಿಡಿದರೆ ಗೊತ್ತಾಗಿಬಿಡುತ್ತದೆ. ಆಮೇಲೆ ಅದು ಗುರುತಿರುವ ಕಾರ್ಡ್ ಅಲ್ಲ, ತಿದ್ದಿದ ಕಾರ್ಡ್. ಅದು ಇನ್ನೂ ಕಡೆ.

ಸರಿ, ಗುರುತೇ ಇಲ್ಲದ, ನಿಜವಾಗಿ 200ಕ್ಕೆ ಮಾರಾಟವಾಗುವ ಕಾರ್ಡ್ ಅಂತಲೇ ಇಟ್ಟುಕೊಳ್ಳಿ. ಆಗಲೂ ಡೀಲರ್ 200 ಕೊಡುವುದಿಲ್ಲ. ಯಾಕೆಂದರೆ ಅವನು ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲು ಕೊಳ್ಳುತ್ತಿಲ್ಲ, ಮತ್ತೆ ಮಾರಲು ಕೊಳ್ಳುತ್ತಿದ್ದಾನೆ. ಅವನ ಜಾಗದಲ್ಲಿ ಕೂತು ನೋಡಿ. ಇಬೇಯಲ್ಲಿ 200ಕ್ಕೆ ಮಾರಿದರೆ ಸುಮಾರು ಶೇಕಡಾ 13 ಇಬೇಗೆ ಹೋಗುತ್ತದೆ, ಅಂದರೆ 26 ಡಾಲರ್. ಅಂಚೆ, ಪ್ಯಾಕಿಂಗ್ ಅಂತ ಇನ್ನೊಂದು 5. ಕೈಗೆ ಬರುವುದು 169. ಶೋನಲ್ಲೇ ಮಾರಿದರೂ ಗಿರಾಕಿ ಚೌಕಾಶಿ ಮಾಡುತ್ತಾನೆ, 170ಕ್ಕೋ 175ಕ್ಕೋ ಹೋಗುತ್ತದೆ. ಟೇಬಲ್ ಬಾಡಿಗೆ, ಪೆಟ್ರೋಲ್, ಬೆಳಿಗ್ಗೆ ಐದಕ್ಕೆ ಎದ್ದ ಭಾನುವಾರ ಎಲ್ಲ ಅದರಲ್ಲೇ ಹುಟ್ಟಬೇಕು. ಕಾರ್ಡ್ ನಾಳೆಯೇ ಹೋಗುತ್ತದೆ ಅಂತಲೂ ಇಲ್ಲ. ಆರು ತಿಂಗಳು ಗಾಜಿನ ಪೆಟ್ಟಿಗೆಯಲ್ಲಿ ಕೂರಬಹುದು. ಅಷ್ಟರಲ್ಲಿ ಬೆಲೆ ಬೀಳಬಹುದು. ಹೀಗೆ ಲೆಕ್ಕ ಹಾಕಿದರೆ ಅವನು 120 ರಿಂದ 140 ಹೇಳುವುದು ನ್ಯಾಯವೇ.

ಇದರಲ್ಲೇ ನಿಮ್ಮ ಲೆಕ್ಕವೂ ಇದೆ. ಆ ಕಾರ್ಡನ್ನು ನೀವೇ ಇಬೇಯಲ್ಲಿ ಮಾರಿದರೆ ನಿಮಗೂ ಸಿಗುವುದು 169, ಇನ್ನೂರಲ್ಲ. ಶೋನಲ್ಲಿ 130 ಸಿಕ್ಕರೆ ವ್ಯತ್ಯಾಸ 39 ಡಾಲರ್. ಆ 39ಕ್ಕೆ ನೀವು ಫೋಟೋ ತೆಗೆಯಬೇಕು, ವಿವರ ಬರೆಯಬೇಕು, ಪೋಸ್ಟ್ ಆಫೀಸಿಗೆ ಓಡಬೇಕು. ‘ನೀವು ಹೇಳಿದಷ್ಟು ಚೆನ್ನಾಗಿಲ್ಲ’ ಅಂತ ಯಾರಾದರೂ ವಾಪಸ್ ಕಳಿಸಿದರೆ ಮತ್ತೆ ಮೊದಲಿನಿಂದ. ಒಂದೆರಡು ದೊಡ್ಡ ಕಾರ್ಡಿಗೆ ಈ ಕೆಲಸ ಮಾಡಬಹುದು. ತಲಾ ಎರಡು ಡಾಲರಿನ ಮುನ್ನೂರು ಕಾರ್ಡಿಗೆ ಮಾಡಿದರೆ ನಿಮ್ಮ ಹೆಂಡತಿಯೇ ನಿಮ್ಮನ್ನು ಅಟ್ಟಕ್ಕೆ ಹತ್ತಿಸುತ್ತಾರೆ.

ಈಗ ಡಬ್ಬಿಗಳ ಒಳಗೆ ಏನಿದೆ ಅಂತ ನೋಡೋಣ. ಬೆಲೆಗಿಂತ ಮೊದಲು ಇಸವಿ ಬೇಕು. ಬೇಸ್‌ಬಾಲ್ ಗೊತ್ತಿಲ್ಲದಿದ್ದರೂ ಇದು ಸುಲಭ. ಕಾರ್ಡ್ ತಿರುಗಿಸಿ. ಹಿಂದೆ ಆಟಗಾರನ ವರ್ಷವಾರು ಅಂಕಿಅಂಶ ಇರುತ್ತದೆ. ಕೊನೆಯ ಸಾಲಿನಲ್ಲಿರುವ ಇಸವಿಗೆ ಒಂದು ಸೇರಿಸಿ. ಕೊನೆಯ ಸಾಲು 1968 ಆದರೆ ಕಾರ್ಡ್ ಸಾಮಾನ್ಯವಾಗಿ 1969ರದ್ದು. ಇದು ಬಹುತೇಕ ಟಾಪ್ಸ್ ಕಾರ್ಡ್‌ಗಳಿಗೆ ನಡೆಯುತ್ತದೆ. ಇಸವಿಯ ಪ್ರಕಾರ ಗುಂಪು ಮಾಡಿ. 1980ರ ಹಿಂದಿನದು ಒಂದು ಕಡೆ, ಆಮೇಲಿನದು ಇನ್ನೊಂದು ಕಡೆ. ಹಳೆ ಕಾರ್ಡ್ ಮಂದಿ ‘ವಿಂಟೇಜ್’ ಅನ್ನುವುದು ಹೆಚ್ಚುಕಡಿಮೆ ಈ ಗೆರೆಗಿಂತ ಹಿಂದಿನದಕ್ಕೆ.

ಆ ಗೆರೆ ಯಾಕೆ ಅಲ್ಲೇ ಬಿತ್ತು ಅನ್ನುವುದು ಸ್ವಾರಸ್ಯದ ಕಥೆ. ಟಾಪ್ಸ್ 1938ರಲ್ಲಿ ಬ್ರೂಕ್ಲಿನ್‌ನಲ್ಲಿ ಶುರುವಾದ ಚ್ಯೂಯಿಂಗ್ ಗಮ್ ಕಂಪನಿ. ಗಮ್ ಮಾರಲು ಕಾರ್ಡ್ ಕೊಡುತ್ತಿದ್ದರು, ನಮ್ಮಲ್ಲಿ ಬಿಸ್ಕತ್ ಜೊತೆ ಸ್ಟಿಕ್ಕರ್ ಕೊಟ್ಟ ಹಾಗೆ. 1952ರಲ್ಲಿ ಅವರು ಮೊದಲ ದೊಡ್ಡ ಬೇಸ್‌ಬಾಲ್ ಸೆಟ್ ತಂದರು, 407 ಕಾರ್ಡ್. ಕೊನೆಯ ಕಂತು ಅಂಗಡಿಗೆ ಬರುವಷ್ಟರಲ್ಲಿ ಸೀಸನ್ ಮುಗಿಯುತ್ತಾ ಬಂದಿತ್ತು. ಮಕ್ಕಳು ಫುಟ್‌ಬಾಲ್ ಕಡೆ ತಿರುಗಿದ್ದರು. ಮಾರಾಟವಾಗದ ಪೆಟ್ಟಿಗೆಗಳು ವರ್ಷಗಟ್ಟಲೆ ಗೋದಾಮಿನಲ್ಲಿ ಕೂತವು. 1960ರ ಹೊತ್ತಿಗೆ ಕಂಪನಿಯ ಸೈ ಬರ್ಗರ್ ಅವನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು. ಆ ಸೆಟ್ಟನ್ನು ರೂಪಿಸಿದವರೂ ಅವರೇ! ಆ ಕೊನೆಯ ಕಂತಿನ ಮೊದಲ ಕಾರ್ಡೇ ಮಿಕಿ ಮ್ಯಾಂಟಲ್.

ಸಮುದ್ರ ನುಂಗಿದ್ದು ಒಂದು ಪಾಲಾದರೆ, ಅಮ್ಮಂದಿರು ಗುಡಿಸಿ ಹಾಕಿದ್ದು ಹತ್ತು ಪಾಲು. ಮಗ ಕಾಲೇಜಿಗೆ ಹೋದ, ಕೋಣೆ ಕ್ಲೀನ್ ಮಾಡಿದರು, ಡಬ್ಬಿ ಕಸಕ್ಕೆ ಹೋಯಿತು. ಇಲ್ಲಿ ಅರವತ್ತು ದಾಟಿದ ಯಾರನ್ನಾದರೂ ಕೇಳಿ, ಈ ಕಥೆ ಹೇಳುತ್ತಾರೆ. ಉಳಿದವನ್ನು ಹುಡುಗರು ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿದರು, ಟರ್‌ರ್ ಅಂತ ಮೋಟರ್‌ಬೈಕಿನ ಸದ್ದು ಬರಲಿ ಅಂತ. ರಬ್ಬರ್ ಬ್ಯಾಂಡ್ ಸುತ್ತಿದರು. ಗೋಡೆಗೆ ಎಸೆದು ಆಡಿದರು. ಹಾಗಾಗಿ ಚೆನ್ನಾಗಿ ಉಳಿದ ಹಳೆ ಕಾರ್ಡ್ ಕಡಿಮೆ, ಬೆಲೆ ಜಾಸ್ತಿ.

1980ರಲ್ಲಿ ಕೋರ್ಟ್ ತೀರ್ಪೊಂದು ಟಾಪ್ಸ್‌ನ ಏಕಸ್ವಾಮ್ಯ ಮುರಿಯಿತು. 1981ರಲ್ಲಿ ಫ್ಲೀರ್, ಡಾನ್‌ರಸ್ ಕಂಪನಿಗಳ ಕಾರ್ಡ್ ಬಂದವು. 1989ರಲ್ಲಿ ಅಪ್ಪರ್ ಡೆಕ್ ಬಂತು. ಅಷ್ಟರಲ್ಲಿ ಹಳೆ ಕಾರ್ಡಿಗೆ ದುಡ್ಡು ಬರುತ್ತದೆ ಅಂತ ಎಲ್ಲರಿಗೂ ಗೊತ್ತಾಗಿತ್ತು. ಜನ ಪೆಟ್ಟಿಗೆಗಟ್ಟಲೆ ಕೊಂಡು, ಒಡೆಯದೆ, ಮಗನ ಕಾಲೇಜು ಫೀಸಿಗೆ ಆಗುತ್ತದೆ ಅಂತ ಕೂಡಿಟ್ಟರು. ಕಂಪನಿಗಳು ಅಷ್ಟೂ ಅಚ್ಚು ಹಾಕಿದವು. ಎಲ್ಲರೂ ಜೋಪಾನ ಮಾಡಿದ್ದು ಅಪರೂಪ ಆಗುವುದಾದರೂ ಹೇಗೆ? 1980ರ ದಶಕದ ಕೊನೆಯಿಂದ 90ರ ದಶಕದ ಮೊದಲ ವರ್ಷಗಳವರೆಗಿನ ಈ ಕಾರ್ಡ್‌ಗಳಿಗೆ ಇವತ್ತು ‘ಜಂಕ್ ವ್ಯಾಕ್ಸ್’ ಅಂತ ಹೆಸರು. ಮೇಣದ ಕಾಗದದ ಪ್ಯಾಕಿನಲ್ಲಿ ಬರುತ್ತಿದ್ದ ಕಸ ಅಂತ. ನಿಮ್ಮ ಡಬ್ಬಿಯಲ್ಲಿ ಇವು ಹೆಚ್ಚಿದ್ದರೆ ಶೋಗೆ ಹೊತ್ತುಕೊಂಡು ಹೋಗಬೇಡಿ. ಡೀಲರ್‌ಗಳು ಮುಟ್ಟುವುದೂ ಇಲ್ಲ. 1989ರ ಅಪ್ಪರ್ ಡೆಕ್‌ನ ಕೆನ್ ಗ್ರಿಫಿ ಜೂನಿಯರ್ ತರಹದ ಕೆಲವನ್ನು ಮಾತ್ರ ತೆಗೆದಿಟ್ಟು, ಉಳಿದದ್ದನ್ನು ಅಕ್ಕಪಕ್ಕದ ಮಕ್ಕಳಿಗೆ ಕೊಡಿ.

1980ರ ಹಿಂದಿನ ಗುಂಪಿನಲ್ಲಿ ಹೆಸರು ಹುಡುಕಿ. ಮ್ಯಾಂಟಲ್, ವಿಲ್ಲಿ ಮೇಸ್, ಹ್ಯಾಂಕ್ ಏರನ್, ರೊಬರ್ಟೊ ಕ್ಲೆಮೆಂಟೆ, ಸ್ಯಾಂಡಿ ಕೋಫ್ಯಾಕ್ಸ್, ನೋಲನ್ ರಯಾನ್, ಪೀಟ್ ರೋಸ್. ಇವರ ಯಾವ ವರ್ಷದ ಕಾರ್ಡಾದರೂ ಪಕ್ಕಕ್ಕಿಡಿ. ಆಟಗಾರನ ಮೊದಲ ಕಾರ್ಡಿಗೆ, ಅಂದರೆ ‘ರೂಕಿ’ ಕಾರ್ಡಿಗೆ, ಬೆಲೆ ಜಾಸ್ತಿ. ನಿಮ್ಮ 1969ರ ರೆಗ್ಗಿ ರೂಕಿ ಕಾರ್ಡೇ. 1968ರ ನೋಲನ್ ರಯಾನ್ ರೂಕಿಯಲ್ಲಿ ಇಬ್ಬರ ಮುಖ ಇರುತ್ತದೆ, ಜೊತೆಗಿರುವುದು ಜೆರಿ ಕೂಸ್ಮನ್. ಗೊತ್ತಿಲ್ಲದವರು ಇದ್ಯಾವುದೋ ಜೋಡಿ ಕಾರ್ಡ್ ಅಂತ ಬದಿಗೆ ಹಾಕುತ್ತಾರೆ. 1963ರ ಪೀಟ್ ರೋಸ್ ಇನ್ನೂ ಕಷ್ಟ, ನಾಲ್ಕು ಸಣ್ಣ ಮುಖಗಳಲ್ಲಿ ಅವರದ್ದೂ ಒಂದು. ಹೆಸರಿಲ್ಲದ ಮಾಮೂಲಿ ಆಟಗಾರರ ಕಾರ್ಡ್‌ಗಳಿಗೆ ‘ಕಾಮನ್ಸ್’ ಅನ್ನುತ್ತಾರೆ. ಶೂ ಡಬ್ಬಿಯ ಬಹುಪಾಲು ಅವೇ.

ಅಳತೆಯನ್ನೂ ನೋಡಿ. 1952ರಿಂದ 1956ರವರೆಗಿನ ಟಾಪ್ಸ್ ಕಾರ್ಡ್ ದೊಡ್ಡದು, 2⅝ ಇಂಚು ಅಗಲ, 3¾ ಇಂಚು ಉದ್ದ. 1957ರಿಂದ 2½ ಮತ್ತು 3½. 1983ರಲ್ಲಿ ಟಾಪ್ಸ್ ತಾನೇ 1952ರ ಸೆಟ್ಟನ್ನು ಮರುಮುದ್ರಣ ಮಾಡಿತು, ಅದು ಸಣ್ಣ ಅಳತೆಯಲ್ಲಿದೆ. ‘ನನ್ನ ಹತ್ತಿರ 52ರ ಮ್ಯಾಂಟಲ್ ಇದೆ’ ಅಂತ ಶೋಗೆ ಓಡಿ ಬರುವ ಎಷ್ಟೋ ಜನರ ಕೈಯಲ್ಲಿರುವುದು ಇದೇ. ಸ್ಕೇಲ್ ಇಟ್ಟರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಅಳತೆಯ ವಿಷಯದಲ್ಲಿ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಮನೆ ಸಾಮಾನು ಮಾರುವ ಕಡೆಯಿಂದ 1975ರ ಒಂದು ಕಟ್ಟು ತಂದಿದ್ದೆ. ಎಲ್ಲ ಕಾರ್ಡ್‌ಗಳೂ ಮಾಮೂಲಿಗಿಂತ ಸಣ್ಣ. ಯಾರೋ ಹುಡುಗ ಅಂಚು ಕತ್ತರಿಸಿದ್ದಾನೆ ಅಂದುಕೊಂಡೆ. ಒಂದು ಶೋನಲ್ಲಿ ಇಡೀ ಕಟ್ಟನ್ನು 20 ಡಾಲರ್‌ಗೆ ಕೊಟ್ಟೆ, ‘ಕತ್ತರಿಸಿದ್ದು, ನೋಡಿಕೊಳ್ಳಿ’ ಅಂತ ಪ್ರಾಮಾಣಿಕವಾಗಿ ಹೇಳಿ ಬೇರೆ. ಕೊಂಡವನು ತುಟಿಪಿಟಕ್ ಅನ್ನಲಿಲ್ಲ. ಆ ವರ್ಷ ಟಾಪ್ಸ್ ಪ್ರಯೋಗಕ್ಕೆ ಅಂತ ಕೆಲವೇ ಕಡೆ ‘ಮಿನಿ’ ಸೆಟ್ ಬಿಟ್ಟಿತ್ತು. ಮಾಮೂಲಿ ಕಾರ್ಡಿಗಿಂತ ಅದಕ್ಕೆ ಗಿರಾಕಿ ಜಾಸ್ತಿ. ಆ ಕಟ್ಟಿನಲ್ಲಿ ದೊಡ್ಡ ಆಟಗಾರ ಜಾರ್ಜ್ ಬ್ರೆಟ್ ಅವರ ರೂಕಿ ಇತ್ತಾ ಇಲ್ಲವಾ ಅಂತ ನಾನು ನೋಡಿರಲೂ ಇಲ್ಲ. ಈಗ ನೆನಪಿಸಿಕೊಳ್ಳುವುದೂ ಇಲ್ಲ.

ನಿಜವಾಗಿ ಕತ್ತರಿಸುವವರೂ ಇದ್ದಾರೆ. ಸವೆದ ಮೂಲೆ ಚೂಪಾಗಿ ಕಾಣಲಿ ಅಂತ. ಈ ಹವ್ಯಾಸದ ಅತಿ ದೊಡ್ಡ ಹಗರಣವೇ ಅದು. 1909ರಿಂದ 1911ರ ನಡುವೆ ಸಿಗರೇಟ್ ಪ್ಯಾಕಿನಲ್ಲಿ ಬಂದ ಹೋನಸ್ ವ್ಯಾಗ್ನರ್ ಕಾರ್ಡಿನ ಒಂದು ಪ್ರತಿ ಲೋಕಪ್ರಸಿದ್ಧ. ಐಸ್ ಹಾಕಿ ಆಟಗಾರ ವೇನ್ ಗ್ರೆಟ್ಸ್‌ಕಿ ಅದರ ಒಡೆಯರಲ್ಲಿ ಒಬ್ಬರಾಗಿದ್ದರು. ಪಿಎಸ್‌ಎ 1991ರಲ್ಲಿ ಗ್ರೇಡ್ ಮಾಡಿದ ಮೊದಲ ಕಾರ್ಡೂ ಅದೇ. ಅದರ ಅಂಚು ತಾನೇ ಕತ್ತರಿಸಿದ್ದು ಅಂತ ಹರಾಜು ವ್ಯಾಪಾರಿ ಬಿಲ್ ಮ್ಯಾಸ್ಟ್ರೋ 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡರು. ಹಾಗಾಗಿ ಶೋನಲ್ಲಿ ಡೀಲರ್ ನಿಮ್ಮ ಕಾರ್ಡಿಗೆ ಭೂತಗನ್ನಡಿ ಹಿಡಿದು, ಸ್ಕೇಲ್ ಇಟ್ಟು, ಓರೆ ಮಾಡಿ ನೋಡಿದರೆ ಬೇಜಾರಾಗಬೇಡಿ. ನಿಮ್ಮ ಮೇಲಿನ ಅನುಮಾನ ಅಲ್ಲ, ಅವನ ಹಳೆ ಗಾಯ.

ನೀವೂ ಅದೇ ಕಣ್ಣಿನಿಂದ ಮನೆಯಲ್ಲೇ ನೋಡಿ. ನಾಲ್ಕು ಮೂಲೆ ಚೂಪಾಗಿವೆಯಾ? ಅಂಚು ಬಿಳಿಚಿದೆಯಾ? ಚಿತ್ರ ಮಧ್ಯದಲ್ಲಿದೆಯಾ, ಒಂದು ಕಡೆ ಬಿಳಿ ಪಟ್ಟಿ ದಪ್ಪ ಇನ್ನೊಂದು ಕಡೆ ಸಣ್ಣ ಇದೆಯಾ? ಮೇಲ್ಮೈಯಲ್ಲಿ ಗೀರು, ಗಮ್ ಕಲೆ, ಮಡಿಕೆ ಇದೆಯಾ? ಮಡಿಕೆ ನೋಡಲು ದೀಪದ ಕೆಳಗೆ ಓರೆ ಹಿಡಿಯಿರಿ. ನೇರ ನೋಡಿದರೆ ಕಾಣದ ಗೆರೆ ಆಗ ಕಾಣುತ್ತದೆ. ಒಂದೇ ಒಂದು ಸಣ್ಣ ಮಡಿಕೆ ಇದ್ದರೂ ಕಾರ್ಡ್ ಅರ್ಧಕ್ಕಿಂತ ಕೆಳಗಿನ ಗ್ರೇಡಿಗೆ ಇಳಿಯಬಹುದು. ಒದ್ದೆ ಬಟ್ಟೆ ಬೇಡ, ಇಸ್ತ್ರಿ ಬೇಡ, ಪುಸ್ತಕದ ಕೆಳಗೆ ಒತ್ತುವುದೂ ಬೇಡ. ಸುಮ್ನೆ ಬಿಡಿ. ಒಳ್ಳೆಯವನ್ನು ತೆಳು ಪ್ಲಾಸ್ಟಿಕ್ ಕವರಿಗೆ, ಅಂದರೆ ಪೆನ್ನಿ ಸ್ಲೀವ್‌ಗೆ ಹಾಕಿ, ಆಮೇಲೆ ಗಟ್ಟಿ ಟಾಪ್‌ಲೋಡರ್ ಒಳಗೆ ಇಡಿ. ಎರಡೂ ಸೇರಿ ಕಾರ್ಡಿಗೆ ಕೆಲವು ಸೆಂಟ್ ಖರ್ಚು.

ಗ್ರೇಡಿಂಗ್ ಮಾಡಿಸಬೇಕಾ ಅನ್ನುವುದು ಮುಂದಿನ ಪ್ರಶ್ನೆ. ಪಿಎಸ್‌ಎ, ಎಸ್‌ಜಿಸಿ, ಬೆಕೆಟ್, ಸಿಜಿಸಿ ತರಹದ ಕಂಪನಿಗಳಿಗೆ ಕಾರ್ಡ್ ಕಳಿಸಿದರೆ, ಅಸಲಿಯೋ ಅಂತ ನೋಡಿ, 1ರಿಂದ 10ರವರೆಗೆ ಅಂಕ ಹಾಕಿ, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತಾರೆ. ಆ ಪೆಟ್ಟಿಗೆಗೆ ‘ಸ್ಲ್ಯಾಬ್’ ಅನ್ನುತ್ತಾರೆ. ಗ್ರೇಡ್ ಆಗದ ಕಾರ್ಡ್ ‘ರಾ’. ಮಾರುವಾಗ ಸ್ಲ್ಯಾಬ್‌ಗೆ ಚೌಕಾಶಿ ಕಡಿಮೆ. ಡೀಲರ್ ಕೂಡ ಹೆಚ್ಚು ಪಾಲು ಕೊಡುತ್ತಾನೆ, ಯಾಕೆಂದರೆ ಅನುಮಾನದ ಖರ್ಚು ಅವನಿಗಿಲ್ಲ. ಆದರೆ ಪ್ರತಿ ಕಾರ್ಡಿಗೂ ಫೀಸು ಇದೆ, ಬೆಲೆಬಾಳುವ ಕಾರ್ಡಿಗೆ ಇನ್ನೂ ಹೆಚ್ಚು. ವಾರಗಳೋ ತಿಂಗಳುಗಳೋ ಕಾಯಬೇಕು. 15 ಡಾಲರಿನ ಕಾರ್ಡಿಗೆ 25 ಡಾಲರಿನ ಪೆಟ್ಟಿಗೆ ಮಾಡಿಸುವುದು ಕುದುರೆಗಿಂತ ಜೀನಿಗೆ ಜಾಸ್ತಿ ಕೊಟ್ಟ ಹಾಗೆ. ನನ್ನ ಅಂದಾಜು ಹೀಗೆ: ರಾ ಬೆಲೆಯೇ 150 ಡಾಲರ್ ದಾಟುವ ಕಾರ್ಡ್ ಇದ್ದರೆ, ಅಥವಾ ಅಸಲಿಯೋ ನಕಲಿಯೋ ಅಂತ ಯಾರಿಗಾದರೂ ಅನುಮಾನ ಬರುವಂಥ ದೊಡ್ಡ ಹೆಸರಿನ ಕಾರ್ಡ್ ಇದ್ದರೆ ಕಳಿಸಿ. 1933ರ ಗೌಡಿ ಕಂಪನಿಯ ಬೇಬ್ ರೂತ್ ಸಿಕ್ಕಿತು ಅಂದುಕೊಳ್ಳಿ, ಅದನ್ನು ರಾ ಆಗಿ ಶೋಗೆ ಒಯ್ಯುವುದೇ ತಪ್ಪು. ಆದರೆ ಅಂಥ ಕಾರ್ಡ್ ಯುವಿ ಟಾರ್ಚಿನ ಕೆಳಗೆ ಬೆಳ್ಳಗೆ ಹೊಳೆದರೆ ಆಸೆ ಬಿಡಿ. ಆ ಕಾಲದ ಕಾಗದದಲ್ಲಿ ಈಗಿನ ಹೊಳಪಿನ ರಾಸಾಯನಿಕ ಇರಲಿಲ್ಲ.

ಇನ್ನು ಶೋ. ಸ್ಥಳೀಯ ಶೋ ಅಂದರೆ ಹೋಟೆಲ್ ಹಾಲ್, ಚರ್ಚ್ ಹಾಲ್, ಹಳೆ ಮಾಲ್‌ನ ಮೊಗಸಾಲೆ. ಸಾಮಾನ್ಯವಾಗಿ ಶನಿವಾರ ಅಥವಾ ಭಾನುವಾರ, ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ. ವರ್ಷಕ್ಕೊಮ್ಮೆ ನಡೆಯುವ ‘ನ್ಯಾಷನಲ್’ ಜಾತ್ರೆ ಬೇರೆ. ಅದು 1980ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಶುರುವಾಗಿ, ಊರಿಂದ ಊರಿಗೆ ಸುತ್ತುತ್ತದೆ. 2024ರಲ್ಲಿ ನಿಮ್ಮ ಓಹಾಯೋದ ಕ್ಲೀವ್‌ಲ್ಯಾಂಡ್‌ನಲ್ಲೇ ಆಗಿತ್ತು. ಮೂರು ಶೂ ಡಬ್ಬಿಗೆ ಅಷ್ಟು ದೊಡ್ಡ ಜಾತ್ರೆ ಬೇಡ.

ಮೊದಲ ಸುತ್ತು ಕೈ ಬೀಸಿಕೊಂಡು ಹೋಗಿ. ಈಗಿನ ಶೋಗಳಲ್ಲಿ ಅರ್ಧಕ್ಕಿಂತ ಹೆಚ್ಚು ಟೇಬಲ್ ಹೊಸ ಹೊಳೆಯುವ ಕಾರ್ಡ್, ಪೋಕೆಮಾನ್. ಅವರ ಹತ್ತಿರ ಹಳೆಯದು ತೋರಿಸಿದರೆ ಸಿಗುವುದು ಅಡ್ಡಾದಿಡ್ಡಿ ಬೆಲೆ. ಗಾಜಿನ ಪೆಟ್ಟಿಗೆಯಲ್ಲಿ 50, 60ರ ದಶಕದ ಕಾರ್ಡ್ ಇಟ್ಟವರು ಯಾರು ಅಂತ ಗುರುತು ಮಾಡಿಕೊಳ್ಳಿ. ಮೂರು ನಾಲ್ಕು ಜನ ಸಿಗುತ್ತಾರೆ. ಅವರ ಎದುರು ಗಿರಾಕಿ ಇಲ್ಲದಾಗ ಹೋಗಿ, ‘ವಿಂಟೇಜ್ ಕೊಳ್ಳುತ್ತೀರಾ?’ ಅಂತ ಕೇಳಿ. ಬಾಗಿಲು ತೆಗೆದ ಮೊದಲ ಗಂಟೆ ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಕೊನೆಯ ಗಂಟೆಯಲ್ಲಿ ಜೇಬು ಖಾಲಿಯಾಗಿರಬಹುದು. ಹನ್ನೊಂದು ಗಂಟೆ ಆಸುಪಾಸು ಒಳ್ಳೆಯದು ಅನ್ನುವುದು ನನ್ನ ಅನುಭವ.

ಅವರು ಕೇಳುವ ಮೊದಲ ಮಾತು: ‘ವಾಟ್ ಆರ್ ಯು ಲುಕಿಂಗ್ ಟು ಗೆಟ್?’ ಎಷ್ಟು ಬೇಕು ನಿಮಗೆ? ಇಲ್ಲಿಯೇ ನಮ್ಮವರು ಸೋಲುವುದು. ‘ನೀವೇ ಹೇಳಿ’ ಅಂತ ಸಂಕೋಚಪಟ್ಟು ನಿಲ್ಲುತ್ತೇವೆ. ಇಲ್ಲಾಂದರೆ ಇಬೇಯ ಆಕಾಶದ ಬೆಲೆ ಹೇಳಿಬಿಡುತ್ತೇವೆ. ಎರಡೂ ಬೇಡ. ಫೋನಿನಲ್ಲಿ ಕಾಂಪ್ಸ್ ತೆರೆದಿಟ್ಟುಕೊಂಡಿರಿ. ನಿಮ್ಮ ಕಾರ್ಡಿನ ಸ್ಥಿತಿಗೆ 160ಕ್ಕೆ ಹೋಗುತ್ತಿದ್ದರೆ ‘ನೂರಿಪ್ಪತ್ತೈದು’ ಅನ್ನಿ. ಅವನು 100 ಅನ್ನುತ್ತಾನೆ. 110, 115ರಲ್ಲಿ ಮುಗಿಯುತ್ತದೆ. ಒಪ್ಪಿಗೆಯಾಗದಿದ್ದರೆ ಥ್ಯಾಂಕ್ಸ್ ಹೇಳಿ ಮುಂದಿನ ಟೇಬಲ್‌ಗೆ ಹೋಗಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ‘ಆ ಟೇಬಲ್‌ನವನು 140 ಹೇಳಿದ್ದಾನೆ’ ಅಂತ ಸುಳ್ಳು ಹೇಳಬೇಡಿ. ಆ ಟೇಬಲ್‌ನವನೂ ಇವನೂ ಹದಿನೈದು ವರ್ಷದಿಂದ ಒಟ್ಟಿಗೆ ಊಟ ಮಾಡುವವರು.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಡಬ್ಬಿ ಪೂರ್ತಿ ಕೊಟ್ಟು ‘ನೋಡಿ’ ಅನ್ನಬೇಡಿ. ಆಗ ಡೀಲರ್ ಹಾಲಿನ ಮೇಲಿನ ಕೆನೆ ಎತ್ತಿದ ಹಾಗೆ ಆರು ಒಳ್ಳೆಯ ಕಾರ್ಡ್ ಎತ್ತಿಕೊಂಡು ಬೆಲೆ ಹೇಳುತ್ತಾನೆ. ಉಳಿದ ನಾನೂರು ನಿಮ್ಮ ತಲೆಗೆ. ಆ ಆರರಿಂದಲೇ ಈ ನಾನೂರೂ ಮಾರಾಟ ಆಗಬೇಕಿತ್ತು. ಮನೆಯಲ್ಲೇ ಮೂರು ಭಾಗ ಮಾಡಿ. ದೊಡ್ಡ ಕಾರ್ಡ್ ಒಂದೆರಡು ಇದ್ದರೆ ಗ್ರೇಡ್ ಮಾಡಿಸಿ ಇಬೇಯಲ್ಲೋ ಹರಾಜಿನಲ್ಲೋ ಮಾರಿ. 20 ರಿಂದ 150ರ ನಡುವಿನವನ್ನು ಒಂದೊಂದರ ಪ್ಲಾಸ್ಟಿಕ್ ಕವರಿನ ಮೇಲೂ ಬೆಲೆ ಚೀಟಿ ಅಂಟಿಸಿ ಶೋಗೆ ಒಯ್ಯಿರಿ. ಕಾಮನ್ಸ್‌ಗೆ ಒಂದೆರಡು ಮಧ್ಯಮ ಹೆಸರು ಸೇರಿಸಿ, ‘ಕೊಂಡರೆ ಎಲ್ಲ ಒಟ್ಟಿಗೆ’ ಅಂತ ಹೇಳಿ. ಕಾಮನ್ಸ್‌ಗೆ ಡೀಲರ್‌ಗಿಂತ, ಸೆಟ್ ಪೂರ್ತಿ ಮಾಡುವ ಹವ್ಯಾಸಿಗಳು ಒಳ್ಳೆಯ ಗಿರಾಕಿ. ಕೈಯಲ್ಲಿ ನಂಬರ್ ಬರೆದ ಪಟ್ಟಿ ಹಿಡಿದು ಟೇಬಲ್‌ನಿಂದ ಟೇಬಲ್‌ಗೆ ಬಗ್ಗಿ ನೋಡುವ ಅಜ್ಜಂದಿರು ಕಾಣುತ್ತಾರಲ್ಲ, ಅವರೇ. ‘1969ರದ್ದು ಯಾವ ನಂಬರ್ ಬೇಕು?’ ಅಂತ ಕೇಳಿದರೆ ಅವರ ಮುಖ ಅರಳುತ್ತದೆ. ನನಗೆ ಬೇಸ್‌ಬಾಲ್ ಕಲಿಸಿದ್ದೂ ಅವರೇ.

ಕಾರ್ಡ್ ತುಂಬ ಇದ್ದರೆ ನೀವೇ ಒಂದು ಟೇಬಲ್ ಹಿಡಿಯಬಹುದು. ಸಣ್ಣ ಶೋಗಳಲ್ಲಿ ಬಾಡಿಗೆ ಅಷ್ಟೇನೂ ಇರುವುದಿಲ್ಲ. ಸೇಲ್ಸ್ ಟ್ಯಾಕ್ಸ್ ಲೈಸೆನ್ಸ್ ಬೇಕಾ ಅಂತ ಶೋ ನಡೆಸುವವರನ್ನು ಮೊದಲೇ ಕೇಳಿಕೊಳ್ಳಿ. ಮೂರು ಡಬ್ಬಿಗೆ ಇದು ಅತಿಯಾಯಿತು ಅನ್ನಿಸುತ್ತದೆ. ಆದರೂ ಒಂದು ದಿನದ ಅನುಭವಕ್ಕೆ ಮಾಡಿ ನೋಡಬಹುದು, ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಒಬ್ಬರೇ ಕೂತರೆ ಟಾಯ್ಲೆಟ್‌ಗೆ ಹೋಗುವುದೂ ಕಷ್ಟ.

ತೆರಿಗೆಯ ಬಗ್ಗೆ ಎರಡೇ ಮಾತು. ಇವು ತಂದೆಯಿಂದ ನಿಮ್ಮ ಹೆಂಡತಿಗೆ ಬಂದ ಆಸ್ತಿ. ಹಾಗಾಗಿ ಲಾಭದ ಲೆಕ್ಕ ಮಾವನವರು ಕೊಟ್ಟ ಐದು ಸೆಂಟಿನಿಂದ ಶುರುವಾಗುವುದಿಲ್ಲ. ಅವರು ತೀರಿಕೊಂಡ ದಿನ ಕಾರ್ಡಿಗೆ ಇದ್ದ ಬೆಲೆಯಿಂದ ಶುರುವಾಗುತ್ತದೆ. ಆ ಸಮಯದ ಕಾಂಪ್ಸ್‌ನ ಸ್ಕ್ರೀನ್‌ಶಾಟ್ ಸಿಕ್ಕರೆ ಇಟ್ಟುಕೊಂಡಿರಿ. ದೊಡ್ಡ ಮೊತ್ತ ಬಂದರೆ ತೆರಿಗೆ ನೋಡುವವರನ್ನು ಕೇಳಿ, ಸಂಗ್ರಹದ ವಸ್ತುಗಳ ಲಾಭಕ್ಕೆ ಶೇರಿನ ದರ ಅನ್ವಯಿಸುವುದಿಲ್ಲ, ಗರಿಷ್ಠ ಶೇಕಡಾ 28ರವರೆಗೆ ಹೋಗುತ್ತದೆ.

ಈಗ ಮತ್ತೆ ನಿಮ್ಮ ರೆಗ್ಗಿಗೆ. ಹಿಂದೆ ಪೆನ್ನಿನ ಗುರುತಿರುವ, ಗ್ರೇಡ್ ಆಗದ ಕಾರ್ಡ್. ನೋಡದೆ ಬೆಲೆ ಹೇಳಲು ನನಗೆ ಬರುವುದಿಲ್ಲ. ಆದರೆ ‘ರಾ’, ‘ಗುರುತು’, ‘ಹಿಂಬದಿ ಬರಹ’ ಅಂತ ಇರುವ ಮಾರಾಟಗಳನ್ನು ಮಾತ್ರ ಹುಡುಕಿ ನೋಡಿ. ಆ ಡೀಲರ್ ಹೇಳಿದ 110 ಅಷ್ಟು ಕಡಿಮೆ ಅನ್ನಿಸುವುದಿಲ್ಲ. ಅವನ ಟೇಬಲ್ ಎಲ್ಲಿತ್ತು ಅಂತ ನೆನಪಿದೆಯಾ? ಇಂಥ ಶೋಗಳಲ್ಲಿ ಅದೇ ಮುಖಗಳು ತಿಂಗಳು ತಿಂಗಳು ಬರುತ್ತವೆ. ಮುಂದಿನ ಸಲ ಹೋಗಿ 125 ಕೇಳಿ. 115 ಅಂದರೆ ಕೊಟ್ಟುಬಿಡಿ.